ಅಮೆರಿಕದಲ್ಲಿ ನರ್ಸ್‌ಗಳೇ ಅನಸ್ತೇಷಿಯಾ ಕೊಡುತ್ತಾರಾ? ಆ ಹುದ್ದೆಗೆ ಕಪ್ಪುವರ್ಣೀಯ ನರ್ಸ್‌ಗಳು ದಾರಿ ಮಾಡಿಕೊಂಡದ್ದು ಹೇಗೆ?

ಆಪರೇಷನ್ ಮಾಡುವಾಗ ಅನಸ್ತೇಷಿಯಾ ಕೊಡುವವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಯಾರಾದರೂ ‘ಡಾಕ್ಟರ್’ ಎನ್ನುತ್ತಾರೆ. ಭಾರತದ ಮಟ್ಟಿಗೆ ಅದು ಸರಿಯಾದ ಉತ್ತರ. ಹಾಗಾಗಿ ‘ಅಮೆರಿಕದಲ್ಲಿ ಅನಸ್ತೇಷಿಯಾ ಕೊಡುವ ನರ್ಸ್‌ಗೆ ವರ್ಷಕ್ಕೆ ಎರಡು ಲಕ್ಷ ಡಾಲರ್ ಸಂಬಳ’ ಎಂಬಂಥ ಸಂದೇಶ ಫೋನಿಗೆ ಬಂದರೆ ಕೆಲವರು ಸುಳ್ಳು ಎಂದು ಅಳಿಸಿಬಿಡುತ್ತಾರೆ. ಇನ್ನು ಕೆಲವರು ನರ್ಸಿಂಗ್ ಓದುತ್ತಿರುವ ತಂಗಿಗೋ ಮಗಳಿಗೋ ಹಿಂದೆಮುಂದೆ ನೋಡದೆ ಕಳಿಸುತ್ತಾರೆ.

ಸಂಬಳದ ಮಾತು ಸುಳ್ಳಲ್ಲ. ಆದರೆ ಆ ಹುದ್ದೆಗೆ ಹೋಗುವ ದಾರಿ ಎಷ್ಟು ಉದ್ದ, ಆ ದಾರಿ ಯಾರಿಗೆ ಸುಲಭವಾಗಿ ಕಾಣುತ್ತದೆ, ಯಾರಿಗೆ ಕಾಣುವುದೇ ಇಲ್ಲ ಎಂಬುದನ್ನು ಇಂಥ ಸಂದೇಶಗಳು ಹೇಳುವುದಿಲ್ಲ. ಅಮೆರಿಕದ ಕಪ್ಪುವರ್ಣೀಯ ನರ್ಸ್‌ಗಳ ಅನುಭವ ಅದನ್ನು ಚೆನ್ನಾಗಿ ತೋರಿಸುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಈ ಕೆಲಸ ಏನು?

ಅಮೆರಿಕದಲ್ಲಿ ಈ ನರ್ಸ್‌ಗಳನ್ನು ‘ಸರ್ಟಿಫೈಡ್ ರಿಜಿಸ್ಟರ್ಡ್ ನರ್ಸ್ ಅನಸ್ತೆಟಿಸ್ಟ್’ ಎಂದು ಕರೆಯುತ್ತಾರೆ. ಚಿಕ್ಕದಾಗಿ ಸಿಆರ್‌ಎನ್‌ಎ. ಆಪರೇಷನ್‌ಗೆ ಮೊದಲು ರೋಗಿಯನ್ನು ಪರೀಕ್ಷಿಸುವುದು, ಯಾವ ಔಷಧ ಎಷ್ಟು ಬೇಕೆಂದು ಯೋಜಿಸುವುದು, ಉಸಿರಾಟದ ನಳಿಗೆ ಹಾಕುವುದು, ಆಪರೇಷನ್ ಮುಗಿಯುವವರೆಗೂ ರಕ್ತದೊತ್ತಡ, ನಾಡಿ, ಆಮ್ಲಜನಕ ನೋಡಿಕೊಳ್ಳುವುದು, ಕೊನೆಗೆ ರೋಗಿಯನ್ನು ಸುರಕ್ಷಿತವಾಗಿ ಎಚ್ಚರಿಸುವುದು ಇವರ ಕೆಲಸ. ಹೆರಿಗೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಕೂಡ ಇವರು ಕೊಡುತ್ತಾರೆ.

ಅಮೆರಿಕದಲ್ಲಿ ಅನಸ್ತೇಷಿಯಾ ವೈದ್ಯರೂ ಇದ್ದಾರೆ. ಕೆಲವು ಆಸ್ಪತ್ರೆಗಳಲ್ಲಿ ವೈದ್ಯರು ಮತ್ತು ಈ ನರ್ಸ್‌ಗಳು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಹಳ್ಳಿಗಾಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಅನಸ್ತೇಷಿಯಾ ಕೊಡಲು ಇರುವುದು ಸಿಆರ್‌ಎನ್‌ಎ ಮಾತ್ರ. ವೈದ್ಯರ ಮೇಲ್ವಿಚಾರಣೆ ಎಷ್ಟಿರಬೇಕು ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅವರ ಸಂಘದ ಲೆಕ್ಕದ ಪ್ರಕಾರ ದೇಶದಲ್ಲಿ ವರ್ಷಕ್ಕೆ 5 ಕೋಟಿಗೂ ಹೆಚ್ಚು ಬಾರಿ ಇವರು ಅನಸ್ತೇಷಿಯಾ ಕೊಡುತ್ತಾರೆ.

ಇದು ಹೊಸ ಏರ್ಪಾಡೂ ಅಲ್ಲ. ಬಾಸ್ಟನ್‌ನಲ್ಲಿ 1846ರಲ್ಲಿ ಈಥರ್ ಬಳಸಿ ಸಾರ್ವಜನಿಕವಾಗಿ ಆಪರೇಷನ್ ಮಾಡಿ ತೋರಿಸಿದ ಮೇಲೆ ಅನಸ್ತೇಷಿಯಾ ಬಳಕೆ ಹರಡಿತು. ಆದರೆ ಆ ಕೆಲಸಕ್ಕೆಂದೇ ತರಬೇತಾದವರು ಇರಲಿಲ್ಲ. ಶಸ್ತ್ರಚಿಕಿತ್ಸಕರು ಕ್ರಮೇಣ ನರ್ಸ್‌ಗಳಿಗೆ ಅದನ್ನು ಕಲಿಸಿದರು. ಪೆನ್ಸಿಲ್ವೇನಿಯಾದ ಸಿಸ್ಟರ್ ಮೇರಿ ಬರ್ನಾರ್ಡ್ 1877ರಲ್ಲೇ ಈ ಕೆಲಸ ಮಾಡುತ್ತಿದ್ದರು. ಮೇಯೋ ಸಹೋದರರ ಜೊತೆ ಕೆಲಸ ಮಾಡಿದ ನರ್ಸ್ ಆಲಿಸ್ ಮೆಗಾ, ತಾವು ಕಂಡ 14,000ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅನಸ್ತೇಷಿಯಾದಿಂದ ಒಂದು ಸಾವೂ ಆಗಿಲ್ಲವೆಂದು 1906ರಲ್ಲಿ ವರದಿ ಬರೆದರು. ನರ್ಸ್‌ಗಳು ಅನಸ್ತೇಷಿಯಾ ಕೊಡುವುದು ಕಾನೂನುಬಾಹಿರ ಎಂದು ಕೆಲವು ವೈದ್ಯರು ಕೋರ್ಟಿಗೆ ಹೋದಾಗ, 1936ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ನರ್ಸ್‌ಗಳ ಪರವಾಗಿ ತೀರ್ಪು ಕೊಟ್ಟಿತು.

ಬಾಗಿಲು ಯಾರಿಗೆ ಮುಚ್ಚಿತ್ತು?

ಅಮೆರಿಕದಲ್ಲಿ ನರ್ಸಿಂಗ್ ತರಬೇತಿ ಮುಗಿಸಿದ ಮೊದಲ ಕಪ್ಪುವರ್ಣೀಯ ಮಹಿಳೆ ಮೇರಿ ಎಲೈಜಾ ಮಹೋನಿ. ಅವರು ಬಾಸ್ಟನ್‌ನಲ್ಲಿ ಪಾಸಾದದ್ದು 1879ರಲ್ಲಿ. ಆದರೆ ಅವರ ನಂತರ ಬಂದವರಿಗೆ ಬಹುಪಾಲು ನರ್ಸಿಂಗ್ ಶಾಲೆಗಳು ಪ್ರವೇಶ ಕೊಡಲಿಲ್ಲ, ವೃತ್ತಿ ಸಂಘಗಳು ಸದಸ್ಯತ್ವ ಕೊಡಲಿಲ್ಲ. ಹಾಗಾಗಿ 1908ರಲ್ಲಿ ಕಪ್ಪುವರ್ಣೀಯ ನರ್ಸ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಎಲ್ಲ ರಾಜ್ಯಗಳ ಕಪ್ಪುವರ್ಣೀಯ ನರ್ಸ್‌ಗಳಿಗೂ ಸದಸ್ಯತ್ವದ ದಾರಿ ತೆರೆದದ್ದು 1948ರಲ್ಲಿ. ಹಿಂದಿನ ಜನಾಂಗೀಯ ತಾರತಮ್ಯಕ್ಕಾಗಿ ಅದೇ ಸಂಘ 2022ರಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿತು.

ಅನಸ್ತೇಷಿಯಾ ನರ್ಸ್‌ಗಳ ಸಂಘವೂ ಇದಕ್ಕೆ ಹೊರತಲ್ಲ. 1931ರಲ್ಲಿ ಹುಟ್ಟಿದ ಆ ಸಂಘ ಕಪ್ಪುವರ್ಣೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1944ರಲ್ಲಿ, ಗಂಡಸರನ್ನು 1947ರಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗಂಡಸರಿಗೆ ಮೂರು ವರ್ಷ ತಡವಾಗಿ ಬಾಗಿಲು ತೆರೆದರೂ ಇಂದು ಸಿಆರ್‌ಎನ್‌ಎಗಳಲ್ಲಿ ನೂರಕ್ಕೆ ಸುಮಾರು 40 ಜನ ಗಂಡಸರು. ಕಪ್ಪುವರ್ಣೀಯರು ನೂರಕ್ಕೆ ಸುಮಾರು 3–4 ಮಾತ್ರ. ಅಮೆರಿಕದ ಜನಸಂಖ್ಯೆಯಲ್ಲಿ ಅವರ ಪಾಲು 13–14, ಒಟ್ಟು ನರ್ಸ್‌ಗಳಲ್ಲಿ ಸುಮಾರು 6. ಅಂದರೆ ಮೆಟ್ಟಿಲು ಏರಿದಂತೆಲ್ಲ ಸಂಖ್ಯೆ ಕರಗುತ್ತಾ ಹೋಗುತ್ತದೆ. ನಿಯಮ ಬದಲಾಯಿಸಿದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲು ಆಗುವುದಿಲ್ಲ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಹಾರ್ಲೆಮ್ ಆಸ್ಪತ್ರೆಯ ಗೋಲ್ಡಿ ಬ್ರ್ಯಾಂಗ್‌ಮನ್

ದಿನಾಂಕ 1958ರ ಸೆಪ್ಟೆಂಬರ್ 20. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಒಂದು ಅಂಗಡಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಮಹಿಳೆಯೊಬ್ಬರು ಕಾಗದ ಬಿಡಿಸುವ ಚೂಪಾದ ಅಲಗಿನಿಂದ ಅವರ ಎದೆಗೆ ಇರಿದರು. ಅಲಗು ದೊಡ್ಡ ರಕ್ತನಾಳದ ಪಕ್ಕದಲ್ಲೇ ಸಿಕ್ಕಿಕೊಂಡಿತ್ತು. ಹಾರ್ಲೆಮ್ ಆಸ್ಪತ್ರೆಯಲ್ಲಿ ಎದೆ ತೆರೆದು ಅದನ್ನು ಹೊರತೆಗೆಯಲಾಯಿತು. ಶಸ್ತ್ರಚಿಕಿತ್ಸಕರ ಹೆಸರು ಚರಿತ್ರೆಯಲ್ಲಿ ಹಲವು ಕಡೆ ಬಂದಿದೆ. ಆದರೆ ಅಲ್ಲಿ ಕೈಯಿಂದ ಚೀಲ ಒತ್ತುತ್ತಾ ಕಿಂಗ್ ಅವರ ಉಸಿರಾಟ ನಡೆಸಿದ ನರ್ಸ್ ಗೋಲ್ಡಿ ಬ್ರ್ಯಾಂಗ್‌ಮನ್ ಅವರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಬ್ರ್ಯಾಂಗ್‌ಮನ್ ಅವರ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅದೇ ಹಾರ್ಲೆಮ್ ಆಸ್ಪತ್ರೆಯಲ್ಲಿ 1951ರಲ್ಲಿ ಅನಸ್ತೇಷಿಯಾ ಶಾಲೆ ಕಟ್ಟಿದವರಲ್ಲಿ ಅವರೂ ಒಬ್ಬರು. ನಂತರ ದಶಕಗಳ ಕಾಲ ಅದನ್ನು ನಡೆಸಿದರು. 1973ರಲ್ಲಿ ರಾಷ್ಟ್ರೀಯ ಸಂಘದ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪುವರ್ಣೀಯ ವ್ಯಕ್ತಿ ಅವರೇ. 2020ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಬ್ಬ ನರ್ಸ್ ತಾನು ಕಲಿತು ಮುಂದೆ ಹೋಗುವುದಕ್ಕೂ, ಶಾಲೆ ಕಟ್ಟಿ ನೂರಾರು ಜನರಿಗೆ ಕಲಿಸುವುದಕ್ಕೂ ವ್ಯತ್ಯಾಸವಿದೆ. ಶಾಲೆ ಇದ್ದಲ್ಲಿ ಹೊಸಬರಿಗೆ ‘ಯಾರನ್ನು ಕೇಳಲಿ?’ ಎಂಬ ಪ್ರಶ್ನೆ ಬರುವುದಿಲ್ಲ. ಇಲ್ಲದ ಕಡೆ ಅದೇ ಮೊದಲ ತೊಡಕು.

ಸಿಆರ್‌ಎನ್‌ಎ ಆಗಲು ಏನೆಲ್ಲ ಬೇಕು?

ಇಂದಿನ ದಾರಿ ಹೀಗಿದೆ:

1. ನಾಲ್ಕು ವರ್ಷದ ನರ್ಸಿಂಗ್ ಪದವಿ ಅಥವಾ ಅದಕ್ಕೆ ಸಮನಾದ ಪದವಿ, ಜೊತೆಗೆ ನರ್ಸ್ ಲೈಸೆನ್ಸ್.

2. ತೀವ್ರ ನಿಗಾ ಘಟಕದಲ್ಲಿ, ಅಂದರೆ ಐಸಿಯುನಲ್ಲಿ ಕನಿಷ್ಠ ಒಂದು ವರ್ಷ ಪೂರ್ಣಾವಧಿ ಕೆಲಸ. ಪೈಪೋಟಿ ಹೆಚ್ಚಿರುವುದರಿಂದ ಆಯ್ಕೆಯಾಗುವ ಹಲವರಿಗೆ ಇದಕ್ಕಿಂತ ಹೆಚ್ಚಿನ ಅನುಭವ ಇರುತ್ತದೆ.

3. ಅರ್ಜಿ, ಶಿಫಾರಸು ಪತ್ರ, ಸಂದರ್ಶನ.

4. ಕನಿಷ್ಠ 36 ತಿಂಗಳ ಡಾಕ್ಟರೇಟ್ ಕೋರ್ಸ್. ಮೊದಲು ಸ್ನಾತಕೋತ್ತರ ಪದವಿ ಸಾಕಿತ್ತು. 2022ರ ಜನವರಿಯಿಂದ ಹೊಸದಾಗಿ ಸೇರುವ ಎಲ್ಲರಿಗೂ ಡಾಕ್ಟರೇಟ್ ಕಡ್ಡಾಯ.

5. ಕೋರ್ಸ್ ಅವಧಿಯಲ್ಲಿ ಕನಿಷ್ಠ 2,000 ಗಂಟೆ ಆಸ್ಪತ್ರೆ ತರಬೇತಿ, ಕನಿಷ್ಠ 600 ರೋಗಿಗಳಿಗೆ ಅನಸ್ತೇಷಿಯಾ ಕೊಟ್ಟ ಅನುಭವ.

6. ಕೊನೆಗೆ ರಾಷ್ಟ್ರೀಯ ಪರೀಕ್ಷೆ. ಅದರಲ್ಲಿ ಪಾಸಾದರೆ ಮಾತ್ರ ಸಿಆರ್‌ಎನ್‌ಎ.

ಪದವಿಗೆ ಸೇರಿದ ದಿನದಿಂದ ಲೆಕ್ಕ ಹಾಕಿದರೆ ಕಡಿಮೆಯೆಂದರೂ ಎಂಟು ವರ್ಷ ಬೇಕು. ‘ಆರು ತಿಂಗಳ ಕೋರ್ಸ್ ಮಾಡಿ, ಕೋಟಿ ಸಂಪಾದಿಸಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪಟ್ಟಿಯಲ್ಲಿ ಇಲ್ಲದ ಅರ್ಹತೆಗಳು

ಮೇಲಿನ ಪಟ್ಟಿ ಯಾವ ಕಾಲೇಜಿನ ಜಾಲತಾಣದಲ್ಲೂ ಸಿಗುತ್ತದೆ. ಆದರೆ ಪಟ್ಟಿಯಲ್ಲಿ ಬರೆಯದೇ ಇರುವ ಕೆಲವು ವಿಷಯಗಳಿವೆ. ಮಾರ್ಗದರ್ಶಕರು, ಅಂದರೆ ಮೆಂಟರ್‌ಗಳು ಬೇಕಾಗುವುದು ಅಲ್ಲಿ.

ಮೊದಲನೆಯದು, ಇಂಥದ್ದೊಂದು ಹುದ್ದೆ ಇದೆ ಎಂದು ಗೊತ್ತಾಗುವುದು. ಮನೆಯಲ್ಲೋ ನೆಂಟರಲ್ಲೋ ಈ ಕೆಲಸ ಮಾಡುವವರಿದ್ದರೆ ಹದಿನೆಂಟನೇ ವಯಸ್ಸಿಗೇ ತಿಳಿಯುತ್ತದೆ. ಇಲ್ಲದಿದ್ದರೆ ನರ್ಸ್ ಆಗಿ ವರ್ಷಗಟ್ಟಲೆ ದುಡಿದ ಮೇಲೆ, ಆಪರೇಷನ್ ಥಿಯೇಟರಿನಲ್ಲಿ ಯಾರನ್ನೋ ನೋಡಿ ತಿಳಿಯಬೇಕು. ಅಷ್ಟರಲ್ಲಿ ಮದುವೆ, ಮಕ್ಕಳು, ಮನೆ ಸಾಲ ಎಲ್ಲವೂ ಬಂದಿರುತ್ತವೆ.

ಎರಡನೆಯದು, ಎಂಥ ಐಸಿಯು ಎಂಬ ಪ್ರಶ್ನೆ. ವೆಂಟಿಲೇಟರ್ ಮೇಲಿರುವ ರೋಗಿಗಳು, ರಕ್ತದೊತ್ತಡ ಏರಿಸುವ ಔಷಧದ ಡ್ರಿಪ್‌ಗಳು ದಿನವೂ ಇರುವ ಐಸಿಯುನಲ್ಲಿ ಪಳಗಿದವರು ಸಂದರ್ಶನದಲ್ಲಿ ಚೆನ್ನಾಗಿ ಉತ್ತರಿಸಬಲ್ಲರು. ಸಾಮಾನ್ಯ ವಾರ್ಡಿನಲ್ಲಿ ಐದು ವರ್ಷ ಕಳೆದವರಿಗೆ ಆ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ‘ಈಗಲೇ ಐಸಿಯುಗೆ ವರ್ಗಾವಣೆ ಕೇಳು’ ಎಂದು ಸರಿಯಾದ ಸಮಯಕ್ಕೆ ಒಬ್ಬರು ಹೇಳಿದರೆ ಎಷ್ಟೋ ವರ್ಷ ಉಳಿಯುತ್ತದೆ.

ಮೂರನೆಯದು, ‘ಶ್ಯಾಡೋಯಿಂಗ್’. ಅಂದರೆ ಒಬ್ಬ ಸಿಆರ್‌ಎನ್‌ಎ ಜೊತೆ ಒಂದೆರಡು ದಿನ ಇದ್ದು ಅವರ ಕೆಲಸ ನೋಡುವುದು. ಹಲವು ಕಾಲೇಜುಗಳು ಇದನ್ನು ಕೇಳುತ್ತವೆ. ಪರಿಚಯ ಇದ್ದವರಿಗೆ ಇದು ಒಂದು ಫೋನ್ ಕರೆಯ ಮಾತು. ಇಲ್ಲದವರು ಯಾರಿಗೆ ಬರೆಯಬೇಕೆಂದೇ ತಿಳಿಯದೆ ಕೂರುತ್ತಾರೆ.

ನಾಲ್ಕನೆಯದು, ಅಂಕ. ಪದವಿಯಲ್ಲಿ ರಸಾಯನಶಾಸ್ತ್ರದಲ್ಲಿ ಕಡಿಮೆ ಅಂಕ ಬಂದಿದ್ದರೆ ಆಸೆ ಬಿಡಬೇಕಿಲ್ಲ. ಅದೇ ವಿಷಯವನ್ನು ಮತ್ತೆ ಓದಿ ಅಂಕ ಸುಧಾರಿಸಿಕೊಳ್ಳಬಹುದು, ಐಸಿಯು ನರ್ಸ್‌ಗಳಿಗೆಂದೇ ಇರುವ ಪ್ರಮಾಣಪತ್ರ ಪರೀಕ್ಷೆ ಬರೆಯಬಹುದು. ಈ ದಾರಿ ಗೊತ್ತಿಲ್ಲದವರು ಒಮ್ಮೆ ತಿರಸ್ಕೃತರಾದರೆ ‘ಇದು ನನಗಲ್ಲ’ ಎಂದು ಸುಮ್ಮನಾಗುತ್ತಾರೆ.

ಇವುಗಳಲ್ಲಿ ಯಾವುದೂ ಬುದ್ಧಿವಂತಿಕೆಗೆ ಸಂಬಂಧಿಸಿದ್ದಲ್ಲ, ಎಲ್ಲವೂ ಮಾಹಿತಿಗೆ ಸಂಬಂಧಿಸಿದ್ದು. ತಲೆಮಾರುಗಳಿಂದ ಈ ವೃತ್ತಿಯಲ್ಲಿ ಇರುವ ಸಮುದಾಯದಲ್ಲಿ ಈ ಮಾಹಿತಿ ಊಟದ ಹೊತ್ತಿನ ಮಾತಿನಲ್ಲೇ ಸಿಗುತ್ತದೆ. ಹೊರಗಿಡಲ್ಪಟ್ಟ ಸಮುದಾಯದಲ್ಲಿ ಅದನ್ನು ಯಾರಾದರೂ ಹುಡುಕಿಕೊಂಡು ಬಂದು ಹೇಳಬೇಕು.

ಹುಡುಕಿಕೊಂಡು ಹೋದವರು

ಆ ಕೆಲಸಕ್ಕೆ ಇಳಿದವರಲ್ಲಿ ಮುಖ್ಯರು ಸಿಆರ್‌ಎನ್‌ಎ ವಲೀನಾ ಗೌಲ್ಡ್. 2000ರ ದಶಕದಲ್ಲಿ ಅವರು ಶುರು ಮಾಡಿದ ‘ಡೈವರ್ಸಿಟಿ ಇನ್ ನರ್ಸ್ ಅನಸ್ತೇಷಿಯಾ ಮೆಂಟರ್‌ಶಿಪ್ ಪ್ರೋಗ್ರಾಂ’ ಈಗ ‘ಡೈವರ್ಸಿಟಿ ಸಿಆರ್‌ಎನ್‌ಎ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಮಾಹಿತಿ ಶಿಬಿರ ನಡೆಸುವುದು, ಉಸಿರಾಟದ ನಳಿಗೆ ಹಾಕುವುದನ್ನು ಗೊಂಬೆಗಳ ಮೇಲೆ ಅಭ್ಯಾಸ ಮಾಡಿಸುವುದು, ಅಲ್ಪಸಂಖ್ಯಾತ ಸಮುದಾಯಗಳ ನರ್ಸ್‌ಗಳನ್ನು ಪ್ರವೇಶ ಸಮಿತಿಯವರಿಗೂ ಈಗಾಗಲೇ ವೃತ್ತಿಯಲ್ಲಿ ಇರುವವರಿಗೂ ಮುಖಾಮುಖಿ ಪರಿಚಯಿಸುವುದು ಅದರ ಕೆಲಸ.

ಮಾರ್ಗದರ್ಶನದಲ್ಲೂ ಎರಡು ಬಗೆ ಇದೆ. ‘ಹೀಗೆ ಮಾಡು’ ಎಂದು ದಾರಿ ಹೇಳುವುದು ಒಂದು. ಹುದ್ದೆ ಖಾಲಿಯಾದಾಗ, ಸಮಿತಿಗೆ ಹೆಸರು ಕೇಳಿದಾಗ ‘ಇವರನ್ನು ತೆಗೆದುಕೊಳ್ಳಿ, ನಾನು ಬಲ್ಲೆ’ ಎಂದು ಹೇಳುವುದು ಇನ್ನೊಂದು. ಕೋರ್ಸ್ ಸೇರುವವರೆಗೆ ಮೊದಲನೆಯದು ಸಾಕು. ಆಮೇಲೆ ಎರಡನೆಯದೂ ಬೇಕು. ಏಕೆಂದರೆ ಸಿಆರ್‌ಎನ್‌ಎ ಆದ ಮೇಲೂ ದಾರಿ ಕವಲೊಡೆಯುತ್ತದೆ. ದೊಡ್ಡ ಆಸ್ಪತ್ರೆ, ಹೆರಿಗೆ ವಿಭಾಗ, ಹಳ್ಳಿ ಆಸ್ಪತ್ರೆ, ಸೇನೆ, ಸ್ವಂತ ಪ್ರಾಕ್ಟೀಸ್, ಸಂಶೋಧನೆ, ಬೋಧನೆ ಎಲ್ಲವೂ ಇವೆ. ಬೋಧನೆಗೆ ಹೋಗುವವರು ಹೆಚ್ಚಾದರೆ ಮುಂದಿನ ತಲೆಮಾರಿಗೆ ಕೇಳಲು ಜನ ಇರುತ್ತಾರೆ. ಬ್ರ್ಯಾಂಗ್‌ಮನ್ ಮಾಡಿದ್ದು ಅದನ್ನೇ.

ಮಾರ್ಗದರ್ಶನದಿಂದ ಆಗದ ಕೆಲಸ

ಒಳ್ಳೆಯ ಮಾತು ಹೇಳುವವರು ಸಿಕ್ಕಿದರೂ ಹಣ ಸಿಗುವುದಿಲ್ಲ. ಈ ಕೋರ್ಸ್ ಎಷ್ಟು ಭಾರವೆಂದರೆ ಓದುವಾಗ ನರ್ಸ್ ಕೆಲಸ ಮುಂದುವರಿಸುವುದು ಬಹಳ ಕಷ್ಟ. ಮೂರು ವರ್ಷ ಸಂಬಳ ಇರುವುದಿಲ್ಲ. ಹಲವು ಕಾಲೇಜುಗಳ ಶುಲ್ಕವೇ 1 ಲಕ್ಷ ಡಾಲರ್ ದಾಟುತ್ತದೆ.

ಅಮೆರಿಕದ ಕೇಂದ್ರ ಬ್ಯಾಂಕ್ 2022ರಲ್ಲಿ ನಡೆಸಿದ ಸಮೀಕ್ಷೆಯಂತೆ ಮಧ್ಯಮ ಮಟ್ಟದ ಬಿಳಿಯ ಕುಟುಂಬದ ಒಟ್ಟು ಆಸ್ತಿ ಸುಮಾರು 2,85,000 ಡಾಲರ್, ಕಪ್ಪುವರ್ಣೀಯ ಕುಟುಂಬದ್ದು ಸುಮಾರು 45,000 ಡಾಲರ್. ಮೂರು ವರ್ಷ ದುಡಿಮೆ ನಿಲ್ಲಿಸುವ ನಿರ್ಧಾರ ಯಾರಿಗೆ ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಜೊತೆಗೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಬಳಸುತ್ತಿದ್ದ ‘ಗ್ರಾಡ್ ಪ್ಲಸ್’ ಎಂಬ ಸರ್ಕಾರಿ ಸಾಲವನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸುವ ಕಾನೂನು 2025ರಲ್ಲಿ ಬಂದಿದೆ. ಎಲ್ಲಿ ವಿದ್ಯಾರ್ಥಿವೇತನ ಸಿಗುತ್ತದೆ, ಯಾವ ಆಸ್ಪತ್ರೆ ಮುಂಗಡವಾಗಿ ಶುಲ್ಕ ಕಟ್ಟಿ ನಂತರ ಕೆಲಸಕ್ಕೆ ತೆಗೆದುಕೊಳ್ಳುತ್ತದೆ ಎಂದು ಮಾರ್ಗದರ್ಶಕರು ಹೇಳಬಲ್ಲರು. ಆಸ್ತಿಯ ಅಂತರವನ್ನು ಅವರು ತುಂಬಲಾರರು.

ರೋಗಿಗೆ ಇದರಿಂದ ಏನು?

ಮತ್ತು ಬಂದ ಮೇಲೆ ನರ್ಸ್ ಯಾವ ಬಣ್ಣದವರಾದರೇನು ಎಂದು ನಿಮಗೆ ಅನಿಸಬಹುದು. ಎರಡು ಅಧ್ಯಯನಗಳನ್ನು ನೋಡೋಣ.

ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆಗೆ ಉತ್ತರಿಸಿದ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಜನ ‘ಕಪ್ಪುವರ್ಣೀಯರ ಚರ್ಮ ದಪ್ಪ’ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ನಿಜವೆಂದುಕೊಂಡಿದ್ದರು. ಹಾಗೆ ನಂಬಿದವರು ಕಪ್ಪುವರ್ಣೀಯ ರೋಗಿಯ ನೋವನ್ನು ಕಡಿಮೆ ಎಂದು ಅಂದಾಜು ಮಾಡಿದರು. ನೋವು ನಿವಾರಣೆಯೇ ಕೆಲಸವಾಗಿರುವ ವಿಭಾಗದಲ್ಲಿ ಇದು ಸಣ್ಣ ವಿಷಯವಲ್ಲ.

ಎರಡನೆಯದು ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್‌ಗೆ ಸಂಬಂಧಿಸಿದ್ದು. ಅನಸ್ತೇಷಿಯಾ ಕೊಡುವವರು ಇಡೀ ಆಪರೇಷನ್ ಉದ್ದಕ್ಕೂ ನೋಡುವ ಅಂಕಿ ಅದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಕ್ಸಿಮೀಟರ್ 92–96 ತೋರಿಸುತ್ತಿದ್ದಾಗ ರಕ್ತ ಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಕಪ್ಪುವರ್ಣೀಯರಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6. ಬೆಳಕು ಚರ್ಮದ ಮೂಲಕ ಹಾದು ಹೋಗುವಾಗ ಅದರ ಬಣ್ಣ ಲೆಕ್ಕವನ್ನು ಏರುಪೇರು ಮಾಡುತ್ತದೆ. ಇದು ಗಾಢ ಬಣ್ಣದ ಚರ್ಮವಿರುವ ಎಲ್ಲರಿಗೂ, ನಮಗೂ, ಸಂಬಂಧಿಸಿದ ವಿಷಯ.

ಕಪ್ಪುವರ್ಣೀಯ ನರ್ಸ್ ಒಬ್ಬರು ಇದ್ದ ಮಾತ್ರಕ್ಕೆ ಯಂತ್ರ ಸರಿಯಾಗುವುದಿಲ್ಲ. ಆದರೆ ‘ಈ ಅಂಕಿ ಎಲ್ಲರಿಗೂ ಒಂದೇ ಥರ ಸರಿಯಾ?’ ಎಂದು ಕೇಳುವವರು ಥಿಯೇಟರಿನಲ್ಲಿ, ತರಗತಿಯಲ್ಲಿ, ಸಂಶೋಧನೆಯಲ್ಲಿ ಹೆಚ್ಚಾದಷ್ಟೂ ಇಂಥ ತಪ್ಪು ಬೇಗ ಹೊರಬೀಳುವ ಸಾಧ್ಯತೆ ಹೆಚ್ಚು.

ತಪ್ಪು ನಂಬಿಕೆ, ನಿಜ ಸಂಗತಿ

ನಂಬಿಕೆ: ಮಾರ್ಗದರ್ಶನ ಎಂದರೆ ಹಿಂಬಾಗಿಲ ಪ್ರವೇಶ.
ನಿಜ: ಅಲ್ಲ. ಐಸಿಯು ಅನುಭವ, 2,000 ಗಂಟೆ, 600 ಪ್ರಕರಣ, ರಾಷ್ಟ್ರೀಯ ಪರೀಕ್ಷೆ ಎಲ್ಲರಿಗೂ ಒಂದೇ. ಪ್ರವೇಶ ಕೊಡುವಾಗ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ತಡೆ ಹಾಕಿದೆ. ಮಾರ್ಗದರ್ಶನ ನಡೆಯುವುದು ಅರ್ಜಿ ಹಾಕುವ ಮೊದಲು. ಅದು ಅಭ್ಯರ್ಥಿಯನ್ನು ತಯಾರು ಮಾಡುತ್ತದೆ, ಪರೀಕ್ಷೆಯನ್ನು ಸುಲಭ ಮಾಡುವುದಿಲ್ಲ.

ನಂಬಿಕೆ: ನರ್ಸ್ ಕೊಡುವ ಅನಸ್ತೇಷಿಯಾ ಡಾಕ್ಟರ್ ಸಿಗದಿದ್ದಾಗಿನ ತಾತ್ಕಾಲಿಕ ಏರ್ಪಾಡು.
ನಿಜ: ಅಮೆರಿಕದಲ್ಲಿ ಇದು ನೂರು ವರ್ಷಕ್ಕೂ ಹಳೆಯ, ಪ್ರತ್ಯೇಕ ಓದು ಮತ್ತು ಪರೀಕ್ಷೆ ಇರುವ ವೃತ್ತಿ.

ನಂಬಿಕೆ: ಭಾರತದ ಯಾವುದೇ ನರ್ಸ್ ಅಲ್ಲಿಗೆ ಹೋಗಿ ನೇರವಾಗಿ ಈ ಕೆಲಸಕ್ಕೆ ಸೇರಬಹುದು.
ನಿಜ: ಸಾಧ್ಯವಿಲ್ಲ. ಮೊದಲು ಅಲ್ಲಿನ ನರ್ಸ್ ಲೈಸೆನ್ಸ್‌ಗಾಗಿ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು. ನಂತರ ಐಸಿಯು ಅನುಭವ, ಡಾಕ್ಟರೇಟ್ ಕೋರ್ಸ್ ಎಲ್ಲ ಬೇಕು. ಭಾರತದಲ್ಲಿ ಸಿಆರ್‌ಎನ್‌ಎ ಎಂಬ ಹುದ್ದೆಯೇ ಇಲ್ಲ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್ ತಂತ್ರಜ್ಞಾನದ ಬಿ.ಎಸ್‌ಸಿ. ಪದವಿ ಇದೆ. ಅದನ್ನು ಓದಿದವರು ಅನಸ್ತೇಷಿಯಾ ವೈದ್ಯರಿಗೆ ನೆರವಾಗುವ ತಂತ್ರಜ್ಞರು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಯಾವುದೇ ವೃತ್ತಿಯ ಬಗ್ಗೆ ಸಂದೇಶ ಬಂದಾಗ ಸಂಬಳದ ಅಂಕಿಯ ಜೊತೆ ಮೂರು ವಿಷಯ ಇದೆಯೇ ನೋಡಿ: ಎಷ್ಟು ವರ್ಷ ಓದಬೇಕು, ಎಷ್ಟು ಹಣ ಬೇಕು, ಯಾವ ಪರೀಕ್ಷೆ ಪಾಸಾಗಬೇಕು. ಮೂರೂ ಇಲ್ಲದ ಸಂದೇಶ ಆಸೆ ಹುಟ್ಟಿಸುತ್ತದೆ, ದಾರಿ ತೋರಿಸುವುದಿಲ್ಲ. ಅಂಥ ಆಸೆಯ ಮೇಲೆ ಏಜೆಂಟರಿಗೆ ಹಣ ಕಟ್ಟುವವರೂ ಇದ್ದಾರೆ.

ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ನರ್ಸಿಂಗ್ ಓದುವ ಹುಡುಗಿಯೋ ಹುಡುಗನೋ ಇದ್ದರೆ, ನಿಮಗೆ ಗೊತ್ತಿರುವ ಹಿರಿಯ ನರ್ಸ್ ಒಬ್ಬರ ನಂಬರನ್ನು, ಅವರ ಒಪ್ಪಿಗೆ ಪಡೆದು, ಕೊಡಿ. ಹಾರ್ಲೆಮ್‌ನಲ್ಲಾಗಲಿ ಹಾವೇರಿಯಲ್ಲಾಗಲಿ, ಮನೆತನದಲ್ಲಿ ಮೊದಲ ಬಾರಿ ಈ ವೃತ್ತಿಗೆ ಬಂದವರಿಗೆ ಸಂಬಳದ ಫಾರ್ವರ್ಡ್‌ಗಿಂತ ಕೇಳಿದರೆ ಉತ್ತರಿಸುವ ಒಬ್ಬರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.